ಕಾಲು ಸುತ್ತು ತಿರುಗಿಸಿದ್ದು ನಾನು

ಮೊನ್ನೆ ಯಾರೋ ಒಬ್ಬ ಪುಣ್ಯಾತ್ಮ ಮರ ಕೊಯ್ಯುವ ಚೈನ್‌ಸಾ ಮೆಷಿನ್ನನ್ನು ಕೈಯಲ್ಲಿ ಹಿಡಿದು, ಮರ ಗಿರ ಏನೂ ಇಲ್ಲದೆ ಬರೀ ಗಾಳಿಯಲ್ಲಿ ಕಿರುಚಿಸುವ ವಿಡಿಯೋ ಹಾಕಿದ್ದ. ಕೆಳಗೆ ಜನ ಸಾಲುಗಟ್ಟಿ ‘ಏನ್ ಸೌಂಡ್ ಗುರು’ ಎಂದು ಬರೆದಿದ್ದರು. ‘ಆ ಸೌಂಡ್ ಒಳ್ಳೇದಲ್ಲ, ಸ್ಕ್ರೂ ಸ್ವಲ್ಪ ಬಿಡಿಸು’ ಎಂದು ನಾನೊಂದು ಸಾಲು ಸೇರಿಸಿದೆ. ‘ಅಂಕಲ್‌ಗೆ ಹೊಟ್ಟೆಕಿಚ್ಚು’ ಎಂದು ಉತ್ತರ ಬಂತು.

ಹೊಟ್ಟೆಕಿಚ್ಚಲ್ಲ ಕಣಪ್ಪಾ. ಅದೇ ಸೌಂಡನ್ನು ನಾನೂ ಒಂದು ಸಲ ಬರಿಸಿದ್ದೇನೆ. ಚಪ್ಪಾಳೆ ಕೂಡ ಬಿತ್ತು. ಆಮೇಲೆ ಏನಾಯಿತು ಎಂಬುದನ್ನು ಆ ಕಾಮೆಂಟಿನ ಪೆಟ್ಟಿಗೆಯಲ್ಲಿ ಬರೆಯಲು ಆಗುವುದಿಲ್ಲ. ಇಲ್ಲಿ ಬರೆಯುತ್ತೇನೆ. ಉದ್ದ ಇದೆ, ಬೇಡದವರು ಮುಂದೆ ಹೋಗಬಹುದು.

ಎಂಬತ್ತರ ದಶಕದ ಮಧ್ಯದ ಮಾತು. ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಪೀಣ್ಯದಲ್ಲಿ ಕಲ್ನಾರು ಶೀಟಿನ ಒಂದು ಶೆಡ್ಡಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದೆ. ಸ್ಕೂಟರ್, ಔಷಧಿ ಹೊಡೆಯುವ ಸ್ಪ್ರೇಯರ್, ಸಣ್ಣ ಪಂಪು, ಯಾವುದು ಬಂದರೂ ಬಿಚ್ಚುತ್ತಿದ್ದೆವು. ಮಾಲೀಕರು ಸರ್ಕಾರಿ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದು, ಅದನ್ನು ಬಿಟ್ಟು ಬಂದು ಶೆಡ್ ಹಾಕಿದವರು. ‘ಸದ್ದು ಕೇಳಿ ಕಾಯಿಲೆ ಹೇಳ್ತೀನಿ’ ಎನ್ನುವುದು ಅವರ ಜಂಬ. ಬಹಳ ಸಲ ನಿಜವೂ ಆಗುತ್ತಿತ್ತು, ಅದೇ ತೊಂದರೆ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ರಿಪೇರಿ ಆದ ಯಾವ ಎಂಜಿನ್ನನ್ನೂ ಸುಮ್ಮನೆ ಕೊಟ್ಟು ಕಳಿಸುವಂತಿಲ್ಲ. ಗೇಟಿನ ಹತ್ತಿರ ತಂದು, ಗಿರಾಕಿಯ ಎದುರು ಪೂರ್ತಿ ರೈಸ್ ಮಾಡಿ ಸದ್ದು ಕೇಳಿಸಬೇಕು. ಅಕ್ಕಪಕ್ಕದ ಶೆಡ್ಡಿನವರು ಲೇತ್ ನಿಲ್ಲಿಸಿ ಹೊರಗೆ ಬಂದು ನೋಡುತ್ತಿದ್ದರು. ಇದಕ್ಕೆ ಗೇಟ್ ಟೆಸ್ಟ್ ಎಂದು ಹೆಸರು. ಸ್ಕೂಟರಿಗೆ, ಪಂಪಿಗೆ ಅದರಿಂದ ಏನೂ ನಷ್ಟವಿರಲಿಲ್ಲ.

ಒಂದು ದಿನ ಕಂಟ್ರಾಕ್ಟರ್ ಒಬ್ಬ ವ್ಯಾನಿನಲ್ಲಿ ಬಂದಿಳಿದ. ಸರ್ಜಾಪುರದ ಆಚೆ ನೀಲಗಿರಿ ತೋಪು ಕಡಿಸಿ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಪ್ಯಾಕಿಂಗ್ ಪೆಟ್ಟಿಗೆಯ ಮರ ಒದಗಿಸುವವನು. ಚೈನ್‌ಸಾವನ್ನು ಬೆಂಚಿನ ಮೇಲೆ ಧೊಪ್ಪೆಂದು ಇಟ್ಟ. ನಾನು ಅಂಥ ಮೆಷಿನ್ ಮುಟ್ಟಿದ್ದು ಅದೇ ಮೊದಲು.

“ಫಾರಿನ್ ಮಾಲ್ ಕಣ್ರೀ ಇದು. ಮದ್ರಾಸ್ ಹರಾಜಲ್ಲಿ ಹಿಡಿದಿದ್ದು. ಬೆಣ್ಣೆ ಕುಯ್ದಂಗೆ ಕುಯ್ಯುತ್ತೆ ಅಂದಿದ್ರು. ದಪ್ಪ ಬೊಡ್ಡೆಗೆ ಇಟ್ರೆ ಮುದುಕನ್ ಥರ ಏದುಸಿರು ಬಿಡುತ್ತೆ. ಪವರ್ ಜಾಸ್ತಿ ಮಾಡಿ ಕೊಡಿ.”

ಅವನ ಹಿಂದೆ ಮೆಷಿನ್ ಓಡಿಸುವ ಆಪರೇಟರ್ ನಿಂತಿದ್ದ. ಜಿಗಣಿ ಕಡೆಯವನು, ನಲವತ್ತರ ಆಸುಪಾಸು. ಮೊದಲು ಇಬ್ಬರು ಸೇರಿ ಎಳೆಯುವ ಕೈಗರಗಸದಲ್ಲಿ ಮರ ಕೊಯ್ಯುತ್ತಿದ್ದನಂತೆ. ಒಂದು ಕೊಂಬೆ ಬಿದ್ದು ಬಲ ಭುಜ ಜಾರಿದ ಮೇಲೆ ಎಳೆಯುವ ಕೆಲಸ ಅವನಿಂದ ಆಗುತ್ತಿರಲಿಲ್ಲ. ಮೆಷಿನ್ ಬಂದದ್ದರಿಂದ ತೋಪಿನಲ್ಲಿ ಉಳಿದಿದ್ದ. ಇದನ್ನೆಲ್ಲ ಕಂಟ್ರಾಕ್ಟರನೇ, ತಾನು ಮಾಡಿದ ಉಪಕಾರದ ಹಾಗೆ, ಅವನ ಎದುರಿಗೇ ಹೇಳಿದ.

“ಸಾ, ನಿಧಾನ ಆದ್ರೂ ಓಡ್ತದೆ ಅದು. ಬಿಚ್ಚಿ ಗಿಚ್ಚಿ ಕೆಡಿಸ್ಬುಟ್ಟೀರಿ” ಎಂದ ಆಪರೇಟರ್, ನನ್ನ ಮುಖ ನೋಡಿ.

“ನಿನ್ನ ಕೇಳಿದ್ನೇನೋ? ಮುಚ್ಕೊಂಡ್ ನಿಂತ್ಕೋ” ಎಂದ ಕಂಟ್ರಾಕ್ಟರ್.

ನನಗೂ ಉರಿಯಿತು. ಸ್ಕೂಟರುಗಳನ್ನು ರೇಸಿಗೆ ಓಡುವ ಹಾಗೆ ಮಾಡುತ್ತಿದ್ದವನು ನಾನು. ಮರ ಕಡಿಯುವವನು ನನಗೆ ಹೇಳಿಕೊಡುತ್ತಾನೆಯೇ ಎನಿಸಿತು.

ನಾಲ್ಕು ದಿನ ಹಿಡಿಯಿತು. ಸೈಲೆನ್ಸರ್ ಬಿಚ್ಚಿದರೆ ಒಳಗೆ ಇದ್ದಿಲ ಗೂಡು. ಅದನ್ನು ಕೆರೆದು, ಒಳಗಿನ ತಗಡಿಗೆ ಇನ್ನೊಂದು ತೂತು ಕೊರೆದೆ. ಸಿಲಿಂಡರಿನ ಬುಡದಲ್ಲಿ ದಪ್ಪ ಗ್ಯಾಸ್ಕೆಟ್ ಇತ್ತು. ಪಿಸ್ಟನ್ ಮೇಲೆ ಹೋದಾಗ ಎಷ್ಟು ಜಾಗ ಉಳಿಯುತ್ತದೆ ಎಂದು ತಿಳಿಯಲು, ಪ್ಲಗ್ಗಿನ ತೂತಿನಿಂದ ಬೆಸುಗೆಯ ಸೀಸದ ತಂತಿ ಇಳಿಸಿ ಎಂಜಿನ್ ತಿರುಗಿಸಿದೆ. ತಂತಿ ಚಪ್ಪಟೆಯಾಗಿ ಬಂತು. ವರ್ನಿಯರಿನಲ್ಲಿ ಅಳೆದರೆ ಒಂದೂಕಾಲು ಮಿಲಿಮೀಟರ್. ತೆಳು ಕಾಗದದ ಗ್ಯಾಸ್ಕೆಟ್ ಕತ್ತರಿಸಿ ಹಾಕಿ, ಅದನ್ನು ಮುಕ್ಕಾಲು ಮಿಲಿಮೀಟರಿಗೆ ಇಳಿಸಿದೆ. ಕಂಪ್ರೆಷನ್ ಏರಿತು.

ಆಮೇಲೆ ಹೊಗೆ ಹೊರಹೋಗುವ ಕಿಂಡಿ. ಅದನ್ನು ಎರಡೂ ಬದಿಗೆ ಅರ್ಧರ್ಧ ಮಿಲಿಮೀಟರ್ ಅಗಲ ಮಾಡಬೇಕು. ಸಿಲಿಂಡರಿನ ಒಳಗೋಡೆಗೆ ಕ್ರೋಮ್ ಲೇಪ ಇರುತ್ತದೆ, ಉಜ್ಜುವ ಅರವನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಅಂಚಿನಲ್ಲಿ ಲೇಪ ಎದ್ದು ಬರುತ್ತದೆ. ಆದ್ದರಿಂದ ಒಳಗಿನಿಂದ ಹೊರಕ್ಕೆ ಮಾತ್ರ, ಒಂದೇ ದಿಕ್ಕಿಗೆ. ಇಡೀ ದಿನ ಅದೇ ಕೆಲಸ. ಹೆಚ್ಚು ಅಗಲ ಮಾಡಿದರೆ ಪಿಸ್ಟನ್ನಿನ ರಿಂಗಿನ ತುದಿ ಕಿಂಡಿಯೊಳಗೆ ಸಿಕ್ಕಿ ಮುರಿಯುತ್ತದೆ, ಹಾಗಾಗಿ ಪ್ರತಿ ಹತ್ತು ಎಳೆತಕ್ಕೊಮ್ಮೆ ರಿಂಗ್ ಇಟ್ಟು ನೋಡುತ್ತಿದ್ದೆ. ಕಾರ್ಬ್ಯುರೇಟರಿನಲ್ಲಿ ಸ್ಕೂಟರಿನ ಹಾಗೆ ಪೆಟ್ರೋಲ್ ನಿಲ್ಲುವ ಬಟ್ಟಲು ಇರಲಿಲ್ಲ. ಮೆಷಿನ್ನನ್ನು ಅಡ್ಡ, ಉದ್ದ, ತಲೆಕೆಳಗೆ ಹೇಗೆ ಹಿಡಿದರೂ ಓಡಬೇಕಲ್ಲ, ಅದಕ್ಕೆ ಒಂದು ರಬ್ಬರಿನ ಪದರ ಮಿಡಿದು ಪೆಟ್ರೋಲ್ ಒಳಗೆ ಎಳೆಯುತ್ತದೆ. ಆ ಪದರ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ರಬ್ಬರ್ ಬಟ್ಟೆ ತಂದು ಹೊಸದನ್ನು ಕತ್ತರಿಸಿದೆ.

ಎಲ್ಲ ಜೋಡಿಸಿ, ಗೇಟಿಗೆ ತಂದು ಸ್ಟಾರ್ಟ್ ಮಾಡಿದೆ. ಪೂರ್ತಿ ರೈಸ್ ಮಾಡಿದಾಗ ಮೆಷಿನ್ ಕಿರುಚಲಿಲ್ಲ. ಬಳಬಳ ಎಂದು ಕೆಮ್ಮಿತು.

ಗೇಟಿನ ಎದುರು ಕಂಟ್ರಾಕ್ಟರ್, ಆಪರೇಟರ್, ಅಕ್ಕಪಕ್ಕದ ಶೆಡ್ಡಿನವರು ಎಲ್ಲ ನಿಂತಿದ್ದರು. ಮಾಲೀಕರು ಮುಖ ಕಿವುಚಿದರು.

“ಏನೋ ಇದು, ಕ್ಷಯದವನ್ ಥರ ಕೆಮ್ತಾ ಇದೆ? ಮಾನ ಕಳೀತೀಯಾ? ಸೌಂಡ್ ಬರಿಸೋ!”

ಆ ಕಾರ್ಬ್ಯುರೇಟರಿನಲ್ಲಿ ಒಂದು ಸ್ಕ್ರೂ ಇದೆ. ಒಳಕ್ಕೆ ತಿರುಗಿಸಿದರೆ ಪೂರ್ತಿ ವೇಗದಲ್ಲಿ ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ, ಸದ್ದು ತೀಕ್ಷ್ಣವಾಗುತ್ತದೆ. ಕಾಲು ಸುತ್ತು ಒಳಕ್ಕೆ ತಿರುಗಿಸಿದೆ. ಮೆಷಿನ್ ಕಿರುಚಿತು ನೋಡಿ, ಶೀಟು ನಡುಗಿತು. ಲೇತಿನವರು ಚಪ್ಪಾಳೆ ತಟ್ಟಿದರು. ಮಾಲೀಕರು ನನ್ನ ಬೆನ್ನಿಗೆ ಗುದ್ದಿದರು. ಕಂಟ್ರಾಕ್ಟರ್ ಹಲ್ಲು ಕಿರಿದ.

ಆಪರೇಟರ್ ಮಾತ್ರ ತಲೆ ಅಲ್ಲಾಡಿಸಿದ. “ಗಂಟ್ಲು ಒಣಗ್ದಂಗದೆ ಇದ್ರ ಸದ್ದು” ಎಂದ.

“ಹೋಗಯ್ಯ, ಮರ ಕಡಿ ಹೋಗು” ಎಂದೆ ನಾನು. ಹೌದು, ಹಾಗೇ ಅಂದೆ.

ಮೂರನೆಯ ದಿನ ಬೆಳಿಗ್ಗೆ ಅದೇ ವ್ಯಾನು ಬಂತು. ಕಂಟ್ರಾಕ್ಟರ್ ಆಪರೇಟರನ್ನು ಕುತ್ತಿಗೆ ಹಿಡಿಯುವುದೊಂದು ಬಾಕಿ, ತಳ್ಳಿಕೊಂಡೇ ಒಳಗೆ ಬಂದ. ಮೆಷಿನ್ ಜಾಮ್. ಹಗ್ಗ ಎಳೆದರೆ ಅಲುಗಾಡುತ್ತಿರಲಿಲ್ಲ.

“ಎರಡೇ ದಿನ! ಎರಡೇ ದಿನಕ್ಕೆ ತಿಂದು ಹಾಕಿದಾನೆ ನನ್ ಮೆಷಿನ್ನ!”

ಮಾಲೀಕರು ಬಿಚ್ಚದೆಯೇ ತೀರ್ಪು ಕೊಟ್ಟರು. “ಪೆಟ್ರೋಲಿಗೆ ಆಯಿಲ್ ಸರಿಯಾಗಿ ಬೆರೆಸಿಲ್ಲ ಇವ್ನು. ಇನ್ನೇನು?”

ಈ ಎಂಜಿನ್ನುಗಳಿಗೆ ಬೇರೆ ಎಣ್ಣೆ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೆ ಜೀವ. ಆಪರೇಟರ್ ಅಂಗಿಯ ಕೆಳಗಿನಿಂದ ಔಷಧಿಯ ಬಾಟಲಿಯೊಂದನ್ನು ತೆಗೆದ. ಅದರ ಸುತ್ತ ಅಳತೆಗೆಂದು ಕೆಂಪು ದಾರ ಕಟ್ಟಿತ್ತು.

“ಈ ದಾರದ ಗಂಟ ಆಯ್ಲು, ಒಂದು ಕ್ಯಾನು ಪೆಟ್ರೋಲು. ಒಂದಿನಾನೂ ತಪ್ಪಿಲ್ಲ ಸಾ. ನನ್ ಮಕ್ಳಾಣೆ.”

“ಮಕ್ಳಾಣೆ ಅಂತೆ! ಇವತ್ತಿಂದ ಮೆಷಿನ್ ಮುಟ್ಬೇಡ. ನನ್ ಭಾಮೈದ ಓಡಿಸ್ತಾನೆ. ಗರಗಸ ಎಳೆಯೋಕಾದ್ರೆ ಎಳಿ, ಆಗ್ದೇ ಇದ್ರೆ ಮನೇಗ್ ಹೋಗು” ಎಂದ ಕಂಟ್ರಾಕ್ಟರ್. ಶನಿವಾರ ಮೆಷಿನ್ ತೋಪಿಗೆ ತಂದು ಕೊಡಬೇಕು ಎಂದು ನಮಗೂ ಬೆದರಿಸಿ ಹೊರಟ. ಆಪರೇಟರನ್ನು ವ್ಯಾನಿಗೆ ಹತ್ತಿಸಿಕೊಳ್ಳಲಿಲ್ಲ. ಅವನು ಬಾಟಲಿ ಹಿಡಿದು ಬಸ್‌ಸ್ಟಾಪಿನ ಕಡೆ ನಡೆದದ್ದನ್ನು ನೋಡಿದೆ. ಪೀಣ್ಯದಿಂದ ಜಿಗಣಿ ಎಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ.

ಸಿಲಿಂಡರ್ ಎಬ್ಬಿಸಿದೆ. ಪಿಸ್ಟನ್ನಿನ ಒಂದೇ ಬದಿ, ಹೊಗೆಯ ಕಿಂಡಿಯ ಕಡೆ, ಉಗುರಿನಿಂದ ಪರಚಿದ ಹಾಗೆ ಗೀರುಗಳು. ಕರಗಿದ ಅಲ್ಯೂಮಿನಿಯಂ ಗೋಡೆಗೆ ಮೆತ್ತಿತ್ತು. ಪ್ಲಗ್ ನೋಡಿದೆ. ತುದಿ ಸುಣ್ಣದ ಹಾಗೆ ಬಿಳಿ. ಎಣ್ಣೆ ಕಡಿಮೆಯಾಗಿದ್ದರೆ ಪಿಸ್ಟನ್ ಸುತ್ತಲೂ ಗೀರು ಬೀಳುತ್ತದೆ. ಒಂದೇ ಬದಿ ಸುಟ್ಟು ಪ್ಲಗ್ ಬೆಳ್ಳಗಾಗಿದೆ ಎಂದರೆ ಪೆಟ್ರೋಲೇ ಸಾಲದೆ ಎಂಜಿನ್ ಕಾದು ಸುಟ್ಟಿದೆ. ಪೆಟ್ರೋಲ್ ಕಡಿಮೆ ಮಾಡಿದವನು ನಾನು.

ಆದರೂ ತಪ್ಪನ್ನು ಆಪರೇಟರ್ ಮೇಲೆ ಹಾಕಲು ಒಂದು ದಾರಿ ಉಳಿದಿದೆಯೇ ಎಂದು ಹುಡುಕಿದೆ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇತ್ತು. ಅಳತೆಯ ಗಾಜಿನಲ್ಲಿ ನೂರು ಮಿಲಿಲೀಟರ್ ಹಿಡಿದು ಅಗಲವಾದ ತಟ್ಟೆಗೆ ಹುಯ್ದೆ. ಪಕ್ಕದಲ್ಲಿ ಇನ್ನೊಂದು ತಟ್ಟೆಯಲ್ಲಿ ಬರೀ ಪೆಟ್ರೋಲ್. ಎರಡನ್ನೂ ಶೆಡ್ಡಿನ ಹಿಂದೆ, ಯಾರೂ ಬೀಡಿ ಹಚ್ಚದ ಜಾಗದಲ್ಲಿ, ಗಾಳಿಗೆ ಇಟ್ಟೆ. ಸಂಜೆ ಹೊತ್ತಿಗೆ ಬರೀ ಪೆಟ್ರೋಲಿನ ತಟ್ಟೆ ಒಣಗಿತ್ತು. ಇನ್ನೊಂದರಲ್ಲಿ ಎಣ್ಣೆ ಉಳಿದಿತ್ತು. ಸಿರಿಂಜಿನಲ್ಲಿ ಎಳೆದು ನೋಡಿದೆ. ನಾಲ್ಕು ಮಿಲಿಲೀಟರ್. ಮೆಷಿನ್ನಿನ ಮೇಲೆ ಕೆತ್ತಿದ್ದ ಅಳತೆಯೂ ಅದೇ, ನೂರಕ್ಕೆ ನಾಲ್ಕು. ಆ ದಾರ ಕಟ್ಟಿದ ಬಾಟಲಿ ನಮ್ಮ ಶೆಡ್ಡಿನ ಅಳತೆಗಳಿಗಿಂತ ನೆಟ್ಟಗಿತ್ತು.

ಸಿರಿಂಜ್ ಹಿಡಿದುಕೊಂಡೇ ಮಾಲೀಕರ ಬಳಿ ಹೋದೆ.

“ಸಾರ್, ಆಯಿಲ್ ಸರಿಯಾಗೇ ಇದೆ. ನಾನು ಸ್ಕ್ರೂ ಟೈಟ್ ಮಾಡಿದ್ದೇ ತಪ್ಪು. ಕಿಂಡಿ ಅಗಲ ಮಾಡಿದ್ವಿ, ಸೈಲೆನ್ಸರ್ ಬಿಚ್ಚಿದ್ವಿ, ಗಾಳಿ ಜಾಸ್ತಿ ಎಳೀತಾ ಇದೆ. ಪೆಟ್ರೋಲ್ ಜಾಸ್ತಿ ಕೊಡ್ಬೇಕಿತ್ತು. ಕಮ್ಮಿ ಮಾಡ್ಬಿಟ್ಟೆ.”

ಅವರು ಪೆನ್ನು ಕೆಳಗಿಡಲಿಲ್ಲ. “ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ ಸಾರ್.”

“ಹೇಳ್ಬೇಡ. ನಮ್ ಶೆಡ್ಡಲ್ಲಿ ಮೆಷಿನ್ ಸುಟ್ಟೋಯ್ತು ಅಂತ ಪೀಣ್ಯದಲ್ಲಿ ಸುದ್ದಿಯಾದ್ರೆ ಇಬ್ರೂ ಮನೇಲ್ ಕೂರ್ಬೇಕು. ಆ ಮರ ಕಡಿಯೋನು ನಿಂಗೇನ್ ಚಿಕ್ಕಪ್ಪನಾ? ಬಾಯ್ ಮುಚ್ಕೊಂಡು ಕೆಲ್ಸ ಮಾಡು.”

ಬಾಯಿ ಮುಚ್ಚಿಕೊಂಡೆ. ಐದು ದಿನ. ಇದನ್ನು ಸಿಹಿ ಮಾಡಿ ಬರೆಯಲು ನನಗೆ ಬರುವುದಿಲ್ಲ. ನನಗೆ ಕೆಲಸ ಬೇಕಿತ್ತು, ಅವನು ದೂರದಲ್ಲಿದ್ದ, ಅಷ್ಟೇ.

ಆ ಐದು ದಿನ ಮೆಷಿನ್ ಮೇಲೆ ನನ್ನ ಸಿಟ್ಟನ್ನೆಲ್ಲ ಸುರಿದೆ. ಗೋಡೆಗೆ ಮೆತ್ತಿದ ಅಲ್ಯೂಮಿನಿಯಂ ತೆಗೆಯಲು ಆಸಿಡ್ ತಂದಿದ್ದೆ. ಪಕ್ಕದ ಪ್ಲೇಟಿಂಗ್ ಶೆಡ್ಡಿನವನು ಕಂಡು ಬೈದ. “ಲೋ ಮಚ್ಚಾ, ಆಸಿಡ್ ಹಾಕಿದ್ರೆ ಕ್ರೋಮೇ ಎದ್ದೋಗುತ್ತೆ ಕಣೋ, ಕತ್ತೆ. ಕಾಸ್ಟಿಕ್ ಹಾಕು.” ಕಾಸ್ಟಿಕ್ ಸೋಡಾ ನೀರನ್ನು ಹತ್ತಿಗೆ ಅದ್ದಿ, ಮೆತ್ತಿದ ಜಾಗಕ್ಕೆ ಮಾತ್ರ ಒತ್ತಿ ಹಿಡಿದೆ. ನೊರೆ ಬಂತು. ತೊಳೆದೆ, ಮತ್ತೆ ಒತ್ತಿದೆ. ಕಿಂಡಿಯ ಅಂಚಿನ ಬರಿಯ ಅಲ್ಯೂಮಿನಿಯಂಗೆ ತಾಗದ ಹಾಗೆ ಅಲ್ಲಿ ಗ್ರೀಸ್ ಬಳಿದಿದ್ದೆ. ಒಂದೂವರೆ ದಿನದಲ್ಲಿ ಕ್ರೋಮ್ ಕನ್ನಡಿಯ ಹಾಗೆ ಹೊರಬಂತು. ಬದಲಿ ಪಿಸ್ಟನ್ ಈ ದೇಶದಲ್ಲೇ ಸಿಗುತ್ತಿರಲಿಲ್ಲ. ಇದ್ದದ್ದರ ಗೀರಿನ ಏಣುಗಳನ್ನು ಮಾತ್ರ ಸಣ್ಣ ಅರದಲ್ಲಿ ತಗ್ಗಿಸಿ, ಎಣ್ಣೆಯಲ್ಲಿ ಅದ್ದಿದ ಎಮರಿ ಕಾಗದದಿಂದ ಉಜ್ಜಿದೆ. ಕಚ್ಚಿಕೊಂಡಿದ್ದ ರಿಂಗ್ ಬಿಡಿಸುವಾಗ ಮುರಿಯಿತು. ಸ್ಕೂಟರಿನ ದೊಡ್ಡ ಸೈಜಿನ ರಿಂಗ್ ತಂದು, ತುದಿಗಳನ್ನು ಉಜ್ಜಿ, ಸಿಲಿಂಡರಿನೊಳಗೆ ಇಟ್ಟು ಅಂತರ ನೋಡಿ, ಮತ್ತೆ ಉಜ್ಜಿದೆ. ಮೊದಲನೆಯದನ್ನು ಹೆಚ್ಚು ಉಜ್ಜಿ ಹಾಳು ಮಾಡಿದೆ. ಎರಡನೆಯದು ಕೂತಿತು.

ಕೊನೆಗೆ ಸ್ಕ್ರೂ. ಈ ಸಲ ಗೇಟಿಗೆ ಒಯ್ಯಲಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯವರು ಬಿಸಾಡಿದ್ದ ಒಂದು ನೀಲಗಿರಿ ತುಂಡನ್ನು ಶೆಡ್ಡಿನ ಹಿಂದೆ ಕಲ್ಲುಗಳ ನಡುವೆ ಸಿಕ್ಕಿಸಿ ಕೊಯ್ದೆ. ಆಗ ಗೊತ್ತಾಯಿತು. ಗಾಳಿಯಲ್ಲಿ ಕಿರುಚುವ ಹಾಗೆ ಸ್ಕ್ರೂ ಇಟ್ಟರೆ ಮರದಲ್ಲಿ ಕ್ಷಣಕ್ಕೆ ಕಾದು ಸೊರಗುತ್ತದೆ. ಗಾಳಿಯಲ್ಲಿ ಕೆಮ್ಮುವ ಹಾಗೆ ಇಟ್ಟರೆ, ಹಲ್ಲು ಮರಕ್ಕೆ ತಾಗಿದೊಡನೆ ಕೆಮ್ಮು ನಿಂತು ಒಂದೇ ಸಮನೆ ಎಳೆಯುತ್ತದೆ. ಹೊರಗೆ ತೆಗೆದರೆ ಮತ್ತೆ ಕೆಮ್ಮು. ಹೊರೆ ಬಿದ್ದಾಗ ಬೇಕಾಗುವ ಪೆಟ್ರೋಲ್ ಅದು, ಹೊರೆ ಇಲ್ಲದಾಗ ಹೆಚ್ಚಾಗಿ ಕೆಮ್ಮಿಸುತ್ತದೆ. ನಾವು ಇಷ್ಟು ವರ್ಷ ಗೇಟಿನಲ್ಲಿ ಬರೀ ಗಾಳಿ ಕೇಳಿ ಎಂಜಿನ್ ಪಾಸು ಮಾಡುತ್ತಿದ್ದೆವು. ಸ್ಕ್ರೂವನ್ನು ಪೂರ್ತಿ ಬಿಗಿಸಿ, ಅಲ್ಲಿಂದ ಒಂದೂಕಾಲು ಸುತ್ತು ಬಿಚ್ಚಿದಾಗ ಸರಿಯಾಗಿ ನಿಂತಿತು.

ಶನಿವಾರ ಮಧ್ಯಾಹ್ನ ಮಾಲೀಕರ ಸ್ಕೂಟರಿನಲ್ಲಿ, ನನ್ನ ತೊಡೆಯ ಮೇಲೆ ಮೆಷಿನ್ ಇಟ್ಟುಕೊಂಡು, ತೋಪಿಗೆ ಹೋದೆವು. ಮರ ಕಡಿಯುವ ಹತ್ತು ಹನ್ನೆರಡು ಜನ ದೂರದಲ್ಲಿ ಕೊಂಬೆ ಸವರುತ್ತಿದ್ದರು. ಅವರ ಜೊತೆ ಆಪರೇಟರೂ ಇದ್ದ. ಎಡಗೈಯಲ್ಲಿ ಮಚ್ಚು ಹಿಡಿದು ಕೊಂಬೆ ಸವರುತ್ತಿದ್ದ, ಬಲಗೈ ಹೊಟ್ಟೆಗೆ ಒತ್ತಿಕೊಂಡಿದ್ದ. ಅವನ ಪಕ್ಕದವನೊಬ್ಬ ನಮ್ಮನ್ನು ನೋಡಿ ಕೂಗಿದ: “ನೋಡ್ಲಾ, ನೀನ್ ಸುಟ್ಟ ಮಿಷನ್ ಬಂತು!” ಎಲ್ಲರೂ ನಕ್ಕರು.

ಕಂಟ್ರಾಕ್ಟರನ ಭಾಮೈದ ಹೊಸ ಬೂಟು ಹಾಕಿಕೊಂಡು ಕಾಯುತ್ತಿದ್ದ. ನಾನು ಸ್ಟಾರ್ಟ್ ಮಾಡಿ ಪೂರ್ತಿ ರೈಸ್ ಕೊಟ್ಟೆ. ಕೆಮ್ಮಿತು.

“ಏನ್ರೀ ಇದು?” ಕಂಟ್ರಾಕ್ಟರ್ ಮಾಲೀಕರ ಮೇಲೆ ಹಾರಿದ. “ಆವತ್ತು ಹೆಂಗ್ ಕಿರುಚ್ತಿತ್ತು! ಹಾಳ್ ಮಾಡಿ ತಂದು ತೋರಿಸ್ತೀರಾ?”

“ಒಂದ್ನಿಮಿಷ, ಒಂದ್ನಿಮಿಷ” ಎನ್ನುತ್ತ ಮಾಲೀಕರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಬಗ್ಗಿದರು.

ಅವರು ಕಾಲು ಸುತ್ತು ತಿರುಗಿಸಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಭಾಮೈದ ಸೋಮವಾರಕ್ಕೆ ಸುಡುತ್ತಾನೆ. ಆಗಲೂ ಮೊದಲು ಸುಟ್ಟವನು ಎನಿಸಿಕೊಂಡ ಆಪರೇಟರ್ ಹೆಸರೇ ಬರುತ್ತದೆ. ನಾನು ಅವರ ಮಣಿಕಟ್ಟು ಹಿಡಿದೆ.

“ಮುಟ್ಬೇಡಿ ಸಾರ್.”

“ಕೈ ಬಿಡೋ!”

ಬಿಡಲಿಲ್ಲ. ಕಂಟ್ರಾಕ್ಟರನ ಕಡೆ ತಿರುಗಿದೆ. “ಸಾರ್, ಮೊದಲ್ನೇ ಸಲ ಸುಟ್ಟಿದ್ದು ನಿಮ್ ಆಪರೇಟರ್ ಅಲ್ಲ. ನಾನು. ಗೇಟಲ್ಲಿ ಸೌಂಡ್ ಬರ್ಲಿ ಅಂತ ಇದೇ ಸ್ಕ್ರೂ ತಿರುಗಿಸಿದ್ದೆ. ಅವ್ನ ಆಯಿಲ್ ಸರಿಯಾಗಿತ್ತು, ನಾನೇ ಅಳೆದು ನೋಡಿದೀನಿ.”

ಮಾಲೀಕರ ಮುಖ ಬೂದಿಯಾಯಿತು. ಕಂಟ್ರಾಕ್ಟರ್ ನನ್ನ ಎದೆಗೆ ಕೈ ಹಾಕಿ ಹಿಂದಕ್ಕೆ ನೂಕಿದ. ನಾನು ಕೊಂಬೆಗಳ ರಾಶಿಯ ಮೇಲೆ ಬಿದ್ದೆ.

“ನನ್ ಮೆಷಿನ್ ಸುಟ್ಟು, ಕಥೆ ಹೇಳ್ತೀಯೇನೋ ನನ್ ಮಗನೆ?”

“ಮರಕ್ಕೆ ಇಟ್ಟು ನೋಡಿ. ಕೆಮ್ಮು ನಿಲ್ಲದೇ ಇದ್ರೆ ಆಮೇಲ್ ಹೊಡೀರಿ” ಎಂದೆ, ಬಿದ್ದಲ್ಲಿಂದಲೇ.

ಭಾಮೈದ ಮೆಷಿನ್ ಎತ್ತಿಕೊಂಡು ಒಂದು ಮರಕ್ಕೆ ಇಟ್ಟ. ಹಲ್ಲಿನ ಸರಪಳಿ ಸುತ್ತುವ ಬಾರ್ ಓರೆಯಾಗಿ ಹೋಗಿ ಸಿಕ್ಕಿಕೊಂಡಿತು, ಎಂಜಿನ್ ನಿಂತಿತು. ಕಂಟ್ರಾಕ್ಟರ್ ಅವನನ್ನೂ ಬೈದು, ಬೇರೆ ದಾರಿಯಿಲ್ಲದೆ ದೂರಕ್ಕೆ ಕೂಗಿದ. ಆಪರೇಟರ್ ಬಂದ. ಯಾರನ್ನೂ ನೋಡಲಿಲ್ಲ. ಬೆಣೆ ಹೊಡೆದು ಬಾರ್ ಬಿಡಿಸಿದ, ಬಲಗೈಯನ್ನು ಮೈಗೆ ಒತ್ತಿಕೊಂಡು ಎಡಗೈಯಲ್ಲಿ ಹಗ್ಗ ಎಳೆದ. ಮೆಷಿನ್ ಕೆಮ್ಮಿತು. ಅವನು ಕಿವಿ ಸ್ವಲ್ಪ ವಾಲಿಸಿ ಕೇಳಿದ. ಪಕ್ಕದ ದಪ್ಪ ಮರದ ಬುಡಕ್ಕೆ ಹಲ್ಲು ತಾಗಿಸಿದ. ಕೆಮ್ಮು ನಿಂತಿತು. ಹೊಟ್ಟು ಕಾರಂಜಿಯ ಹಾಗೆ ಅವನ ಕಾಲ ಮೇಲೆ ಸುರಿಯಿತು. ನಾನು ಬಟ್ಟೆಗೆ ಹತ್ತಿದ ಎಲೆ ಕೊಡವಿಕೊಳ್ಳುವುದರೊಳಗೆ, ಮರ ಬೀಳಬೇಕಾದ ಬದಿಗೆ ಹಾಕುವ ಕಚ್ಚು ಮುಗಿದಿತ್ತು. ಹಿಂದಕ್ಕೆ ತೆಗೆದ, ಮತ್ತೆ ಕೆಮ್ಮಿತು.

ಕಂಟ್ರಾಕ್ಟರ್ ಬಗ್ಗಿ ಆ ಕಚ್ಚನ್ನು ನೋಡಿದ. “ಸರಿ, ನೀನೇ ಓಡಿಸು” ಎಂದು ಆಪರೇಟರಿಗೆ ಗದರಿ, ಭಾಮೈದನನ್ನು ಕರೆದುಕೊಂಡು ವ್ಯಾನಿನ ಕಡೆ ಹೋದ. ತಪ್ಪಾಯಿತು ಎನ್ನುವ ಮಾತು ಅವನ ಬಾಯಿಂದ ಬರಲಿಲ್ಲ. ಮಾಲೀಕರು ಸ್ಕೂಟರ್ ಒದ್ದರು. “ಸೋಮವಾರ ಶೆಡ್ ಕಡೆ ತಲೆ ಹಾಕ್ಬೇಡ” ಎಂದವರೇ ನನ್ನನ್ನು ಅಲ್ಲೇ ಬಿಟ್ಟು ಹೊರಟರು.

ನಾನು ಆಪರೇಟರ್ ಹತ್ತಿರ ಹೋದೆ. ಏನಾದರೂ ಒಳ್ಳೆಯ ಮಾತು ಬಂದೀತು ಎಂಬ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಅವನು ಎಂಜಿನ್ ಆರಿಸಿದ.

“ಎಷ್ಟ್ ಸುತ್ತು?”

“ಒಂದೂಕಾಲು. ಅದಕ್ಕಿಂತ ಒಳಕ್ಕೆ ಬೇಡ.”

“ಯಾವಾಗ್ ಗೊತ್ತಾಯ್ತು ನಿಂಗೆ, ಸುಟ್ಟಿದ್ದು ನಾನಲ್ಲ ಅಂತ?”

“ಬಿಚ್ಚಿದ ದಿನಾನೇ.”

“ಐದ್ ದಿನ.” ಅವನು ಪಕ್ಕಕ್ಕೆ ಉಗಿದ. “ಐದ್ ದಿನ ಈ ನನ್ ಮಕ್ಳು ನನ್ನ ಏನೇನ್ ಅಂದ್ರು ಗೊತ್ತಾ? ನೀನ್ ಈಗ ಯೋಳಿದ್ದು ಸಾವ್ಕಾರನ್ ಕಿವಿಗೆ. ಇವರಿಗಲ್ಲ.” ಆಮೇಲೆ ದೂರದ ಗುಂಪಿಗೆ ಕೈಬೀಸಿ ಕೂಗಿದ. “ಬರ್ರೋ ಇಲ್ಲಿ! ಎಲ್ರೂ ಬರ್ರೋ!”

ಅವರು ಮಚ್ಚು, ಕೊಡಲಿ ಹಿಡಿದೇ ಬಂದು ಸುತ್ತ ನಿಂತರು. ಬೆವರಿನ, ನೀಲಗಿರಿ ಎಲೆಯ ವಾಸನೆ ಮೂಗಿಗೆ ಬಡಿಯಿತು.

“ಈಗ ಯೋಳು” ಎಂದ.

ಹೇಳಿದೆ. ಸ್ಕ್ರೂ ತಿರುಗಿಸಿದ್ದು ನಾನು, ಇವನ ಎಣ್ಣೆ ಸರಿಯಾಗಿತ್ತು ಎಂದೆ. ಹಿಂದಿನ ಸಾಲಿನವನೊಬ್ಬ “ಕೇಳಿಸ್ಲಿಲ್ಲ” ಎಂದ. ಅವನಿಗೆ ಕೇಳಿಸಿತ್ತು, ನನಗೆ ಗೊತ್ತು. ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದೆ. ಯಾರೂ ನಗಲಿಲ್ಲ.

ಆಪರೇಟರ್ ಮೆಷಿನ್ ಕೈಗೆತ್ತಿಕೊಂಡ. ಅರ್ಧ ಕೊಯ್ದು ನಿಲ್ಲಿಸಿದ್ದ ಮರದ ಕಡೆ ಗದ್ದ ತೋರಿಸಿದ.

“ಹೂಂ. ದೂರ ಓಗು. ಆ ಕಡೀಕೆ ಬೀಳ್ತದೆ.”

ನಾನು ದೂರ ಹೋಗಿ ನಿಂತೆ. ಅವನು ಹಗ್ಗ ಎಳೆದ.